ಎಣಿಸದೆ ಹೇಳು ನೋಡೋಣ: ಸ್ಮಾರ್ಟ್ ಬೋರ್ಡ್ ಆಟಗಳಲ್ಲಿ ಪುಟ್ಟ ಮಕ್ಕಳಿಗೆ ಅಂದಾಜು ಕಲಿಸುವುದು ಹೇಗೆ

ಒಂದನೇ, ಎರಡನೇ ತರಗತಿಯ ಮಕ್ಕಳ ಮುಂದೆ ಒಂದು ತಟ್ಟೆ ಕಾಳಿಟ್ಟು ‘ಎಷ್ಟಿರಬಹುದು, ಅಂದಾಜು ಹೇಳಿ’ ಅಂದು ನೋಡಿ. ಕೆಲವರು ಬೆರಳು ಚಾಚಿ ಒಂದು, ಎರಡು, ಮೂರು ಅಂತ ಎಣಿಸಲು ಶುರು ಮಾಡುತ್ತಾರೆ. ಉಳಿದವರು ಬಾಯಿಗೆ ಬಂದದ್ದು ಕೂಗುತ್ತಾರೆ. ನೂರು! ಸಾವಿರ! ಯಾರೋ ಒಬ್ಬ ಕೋಟಿಗೂ ಹೋಗಿಬಿಡುತ್ತಾನೆ.

ಎರಡೂ ಅಂದಾಜಲ್ಲ. ಮೊದಲನೆಯದು ಎಣಿಕೆ, ಎರಡನೆಯದು ಸುಮ್ನೆ ಊಹೆ. ಗೊತ್ತಿರುವ ಒಂದು ಅಳತೆಯನ್ನು ಹಿಡಿದುಕೊಂಡು ಗೊತ್ತಿಲ್ಲದ್ದನ್ನು ತೂಗುವುದು ಅಂದಾಜು. ನಾಲ್ಕು ಜನ ನೆಂಟರು ಬಂದರೆ ಇನ್ನೆಷ್ಟು ಅಕ್ಕಿ ಹಾಕಬೇಕು ಅಂತ ಮನೆಯಲ್ಲಿ ಯಾರೂ ಕಾಳು ಎಣಿಸುವುದಿಲ್ಲ, ಹಾಗಂತ ಕಣ್ಣು ಮುಚ್ಚಿಯೂ ಸುರಿಯುವುದಿಲ್ಲ, ಅಲ್ವಾ? ಆ ಕಣ್ಣಳತೆ ಮಕ್ಕಳಿಗೂ ಬರಬೇಕು.

ಈ ಕೆಲಸಕ್ಕೆ ಸ್ಮಾರ್ಟ್ ಬೋರ್ಡಿನಿಂದ ಮೂರು ಉಪಕಾರಗಳಿವೆ. ಚಿತ್ರವನ್ನು ಒಂದೆರಡು ಸೆಕೆಂಡು ತೋರಿಸಿ ತಕ್ಷಣ ಮರೆಮಾಡಬಹುದು. ಚಿತ್ರದ ಮೇಲೆಯೇ ಸುತ್ತು ಹಾಕಬಹುದು, ವಸ್ತುಗಳನ್ನು ಎಳೆದು ಗುಂಪು ಮಾಡಬಹುದು. ಮಕ್ಕಳು ಮೊದಲು ಹೇಳಿದ ಉತ್ತರ ಅಳಿಸಿ ಹೋಗದಂತೆ ಉಳಿಸಬಹುದು. ಬಲೂನು ಹಾರುವುದು, ಚಪ್ಪಾಳೆ ಸದ್ದು, ಕುಣಿಯುವ ಕರಡಿ ಎಲ್ಲ ಮೇಲಿನ ಅಲಂಕಾರ. ಸಿದ್ಧ ಆಟಗಳನ್ನು ಆರಿಸುವಾಗ ಒಂದೇ ಪರೀಕ್ಷೆ ಸಾಕು: ಸರಿಯಾದ ಸಂಖ್ಯೆ 27 ಇದ್ದು ಮಗು 25 ಅಂದರೆ ಆ ಆಟ ಏನು ಮಾಡುತ್ತದೆ? ‘ತಪ್ಪು’ ಅಂತ ಕರ್ಕಶ ಸದ್ದು ಮಾಡಿದರೆ ಅದನ್ನು ಬಿಟ್ಟುಬಿಡಿ. ಅದು ಅಂದಾಜಿನ ಆಟವಲ್ಲ.

ಕೆಳಗಿನ ಆಟಗಳೆಲ್ಲ ನೀವೇ ಮಾಡಿಕೊಳ್ಳಬಹುದಾದವು. ಒಂದರಿಂದ ಮೂರನೇ ತರಗತಿಯವರೆಗೆ ನಡೆಯುತ್ತವೆ.

ಶುರು ಮಾಡುವ ಮುನ್ನ

ಮೊದಲು ಬೋರ್ಡಿನ ಎತ್ತರ ನೋಡಿ. ದೊಡ್ಡವರ ಕಣ್ಣಿನ ಮಟ್ಟಕ್ಕೆ ಹಾಕಿದ ಬೋರ್ಡಿನಲ್ಲಿ ಆರು ವರ್ಷದ ಮಗುವಿಗೆ ಕೆಳಗಿನ ಅರ್ಧವಷ್ಟೇ ಎಟಕುತ್ತದೆ. ಮಗು ಮುಟ್ಟಬೇಕಾದ, ಎಳೆಯಬೇಕಾದ ಎಲ್ಲವನ್ನೂ ಕೆಳಭಾಗದಲ್ಲಿಡಿ. ಮೇಲಿನ ಭಾಗ ನೋಡಲಿಕ್ಕೆ ಮಾತ್ರ. ಸ್ಟೂಲು ಹತ್ತಿಸುವ ಅಭ್ಯಾಸ ಬೇಡ, ಬೀಳುತ್ತಾರೆ. ಪ್ರೊಜೆಕ್ಟರ್ ಇರುವ ಬೋರ್ಡಾದರೆ ಪಾಠಕ್ಕೆ ಮುಂಚೆಯೇ ಕ್ಯಾಲಿಬ್ರೇಷನ್ ಮಾಡಿಕೊಳ್ಳಿ. ಮಗು ಒಂದು ಕಡೆ ಮುಟ್ಟಿ, ಗೆರೆ ಇನ್ನೊಂದು ಕಡೆ ಬಿದ್ದರೆ ಆಟದ ಮಜಾನೇ ಹೋಗುತ್ತದೆ. ಬೋರ್ಡಿನ ಬದಿಯಲ್ಲಿ ನಿಂತು ಬರೆಯುವುದನ್ನೂ ಹೇಳಿಕೊಡಿ, ಇಲ್ಲದಿದ್ದರೆ ನೆರಳು ಚಿತ್ರವನ್ನು ಮುಚ್ಚುತ್ತದೆ.

ಸಾಫ್ಟ್‌ವೇರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪವರ್‌ಪಾಯಿಂಟ್ ಸಾಕು. ಇಲ್ಲದಿದ್ದರೆ ಓಪನ್‌ಬೋರ್ಡ್ ಉಚಿತವಾಗಿ ಸಿಗುತ್ತದೆ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ.

ಇನ್ನೊಂದು ಮುಖ್ಯ ವಿಷಯ. ಒಂದು ಮಗು ಬೋರ್ಡಿನ ಮುಂದೆ ನಿಂತಾಗ ಉಳಿದ ಮೂವತ್ತು ಮಕ್ಕಳಿಗೆ ಏನು ಕೆಲಸ? ಹಾಗಾಗಿ ಎಲ್ಲರ ಕೈಯಲ್ಲೂ ಸ್ಲೇಟು, ಬಳಪ ಇರಲಿ. ನಲಿ-ಕಲಿ (ಸರ್ಕಾರಿ ಶಾಲೆಯ ಪುಟ್ಟ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ) ಕೋಣೆಯಾದರೆ ಗೋಡೆಯ ಕೆಳಗೆ ಮಕ್ಕಳಿಗಾಗಿಯೇ ಇರುವ ಕಪ್ಪುಹಲಗೆ ಬಳಸಿಕೊಳ್ಳಿ. ಪ್ರತಿ ಸುತ್ತಿನಲ್ಲೂ ಮೊದಲು ಎಲ್ಲರೂ ಬರೆಯಬೇಕು, ಆಮೇಲೆ ಒಬ್ಬರು ಬೋರ್ಡಿಗೆ ಬರಬೇಕು. ಈ ಕ್ರಮ ತಪ್ಪಿದರೆ ಜಾಣ ಮಗು ಕೂಗಿದ ಉತ್ತರವನ್ನೇ ಎಲ್ಲರೂ ಬರೆಯುತ್ತಾರೆ.

ಮೊದಲ ಆಟ: ಮಿಂಚಿ ಮಾಯ

ಒಂದು ಸ್ಲೈಡಿನಲ್ಲಿ ನಾಲ್ಕು ಚುಕ್ಕಿ ಹಾಕಿ. ಮುಂದಿನ ಸ್ಲೈಡು ಖಾಲಿ ಇರಲಿ. ಪವರ್‌ಪಾಯಿಂಟಿನ ಟ್ರಾನ್ಸಿಷನ್ಸ್ ಟ್ಯಾಬಿನಲ್ಲಿ ‘ಆಫ್ಟರ್’ ಅನ್ನುವ ಜಾಗವಿದೆ. ಅಲ್ಲಿ ಟಿಕ್ ಹಾಕಿ 00:02 ಅಂತ ಕೊಟ್ಟರೆ ಚುಕ್ಕಿಗಳು ಎರಡು ಸೆಕೆಂಡು ಕಂಡು ತಾವಾಗಿಯೇ ಮಾಯವಾಗುತ್ತವೆ. ಓಪನ್‌ಬೋರ್ಡಿನಲ್ಲಿ ಚಿತ್ರ ಮುಚ್ಚುವ ಪರದೆಯನ್ನು ಕೈಯಲ್ಲೇ ಸರಿಸಬಹುದು.

ಎರಡೇ ಸೆಕೆಂಡು ಯಾಕೆ? ಚಿತ್ರ ನಿಂತಿದ್ದರೆ ಮಗು ಎಣಿಸಿಯೇ ಎಣಿಸುತ್ತದೆ. ‘ಎಣಿಸಬೇಡ’ ಅಂತ ಎಷ್ಟು ಸಲ ಹೇಳಿದರೂ ಪ್ರಯೋಜನವಿಲ್ಲ, ತುಟಿ ಅಲ್ಲಾಡುತ್ತಲೇ ಇರುತ್ತದೆ. ಎಣಿಸಲು ಸಮಯವನ್ನೇ ಕೊಡದಿದ್ದರೆ ಕಣ್ಣು ಬೇರೆ ದಾರಿ ಹುಡುಕುತ್ತದೆ.

ಚುಕ್ಕಿಗಳು ಎಷ್ಟಿರಬೇಕು ಅನ್ನುವುದಕ್ಕೂ ಒಂದು ಹಳೇ ಲೆಕ್ಕವಿದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಒಂದು ಪೆಟ್ಟಿಗೆಯೊಳಗೆ ಕಪ್ಪು ಕಾಳು ಎಸೆದು, ಒಂದೇ ನೋಟಕ್ಕೆ ಎಷ್ಟೆಂದು ಹೇಳುವ ಪ್ರಯೋಗವನ್ನು ತನ್ನ ಮೇಲೆಯೇ ಮಾಡಿಕೊಂಡಿದ್ದ. ಅದನ್ನು 1871ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಮೂರು, ನಾಲ್ಕು ಕಾಳು ಬಿದ್ದಾಗ ಅವನು ಒಮ್ಮೆಯೂ ತಪ್ಪಲಿಲ್ಲ. ಐದಕ್ಕೆ ಬಂದಾಗ ತಪ್ಪುಗಳು ಶುರುವಾದವು, ಮುಂದೆ ಹೆಚ್ಚುತ್ತ ಹೋದವು. ದೊಡ್ಡವರ ಕಣ್ಣೇ ನಾಲ್ಕೈದಕ್ಕೆ ನಿಂತುಬಿಡುತ್ತದೆ. ಮಕ್ಕಳಿಗೆ ಏಕಾಏಕಿ ಹದಿನೇಳು ಚುಕ್ಕಿ ತೋರಿಸಿ ಗದರಿದರೆ ಏನು ಬಂತು?

ಆದ್ದರಿಂದ ಎರಡು, ಮೂರು, ನಾಲ್ಕರಿಂದ ಶುರು ಮಾಡಿ. ಆಮೇಲೆ ದಾಳದ ಐದು, ಆರು ಬರಲಿ. ಆಮೇಲೆ ಎರಡು ದಾಳದ ಮುಖಗಳನ್ನು ಪಕ್ಕಪಕ್ಕ ಇಡಿ. ಅದು ಗಟ್ಟಿಯಾದ ಮೇಲೆ ಚದುರಿದ ಎಂಟು, ಹತ್ತು, ಹನ್ನೆರಡು. ಉತ್ತರ ಬಂದ ಮೇಲೆ ಪ್ರತಿ ಸಲವೂ ಕೇಳಬೇಕಾದ ಪ್ರಶ್ನೆ ‘ಹೇಗೆ ಗೊತ್ತಾಯ್ತು?’ ಒಂದು ಮಗು ‘ಆ ಕಡೆ ನಾಲ್ಕು, ಈ ಕಡೆ ಮೂರು ಇತ್ತು ಮಿಸ್’ ಅನ್ನುತ್ತದೆ. ಚಿತ್ರವನ್ನು ಮತ್ತೆ ತೆರೆದು ಆ ಮಗುವಿನ ಕೈಯಲ್ಲೇ ಸುತ್ತು ಹಾಕಿಸಿ. ಉಳಿದವರು ನೋಡುವುದನ್ನು ಕಲಿಯುವುದು ಅಲ್ಲೇ.

ಎರಡನೇ ಆಟ: ಹತ್ತರ ಸುತ್ತು

ನನ್ನ ಪ್ರಕಾರ ಇಡೀ ವಿಷಯದ ಜೀವ ಇರುವುದು ಈ ಆಟದಲ್ಲಿ. ಸಮಯ ಕಡಿಮೆಯಿದ್ದರೆ ಬೇರೆಲ್ಲ ಬಿಟ್ಟು ಇದೊಂದನ್ನೇ ಮಾಡಿ.

ತಯಾರಿ ಹೀಗೆ. ಕಪ್ಪು ಬಟ್ಟೆಯ ಮೇಲೆ ಬಿಳಿ ತಟ್ಟೆ ಇಡಿ. ಅದರಲ್ಲಿ ಹತ್ತು ಅವರೆಕಾಳು ಹಾಕಿ ಮೇಲಿನಿಂದ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಇನ್ನು ಹತ್ತು ಹಾಕಿ ಇನ್ನೊಂದು ಫೋಟೋ. ಹೀಗೆ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಕೊನೆಗೆ ಮೂರು ಸೇರಿಸಿ ನಲವತ್ಮೂರು. ಮೊಬೈಲು ಅಲುಗಾಡದಂತೆ ಎರಡು ಡಬ್ಬಿಗಳ ಮೇಲೆ ಅಡ್ಡಲಾಗಿಟ್ಟರೆ ಎಲ್ಲ ಫೋಟೋಗಳೂ ಒಂದೇ ಅಳತೆಯಲ್ಲಿ ಬರುತ್ತವೆ. ಅವರೆಕಾಳೇ ಆಗಬೇಕೆಂದಿಲ್ಲ. ಹುಣಸೆ ಬೀಜ, ಗುಂಡಿ, ಕಡಲೆಕಾಯಿ ಯಾವುದಾದರೂ ಸರಿ. ಸಾಸಿವೆ, ರಾಗಿ ಬೇಡ, ಬೋರ್ಡಿನ ಮೇಲೆ ಬರೀ ಮಚ್ಚೆಯಾಗಿ ಕಾಣುತ್ತವೆ.

ತರಗತಿಯಲ್ಲಿ ಮೊದಲು ಕೊನೆಯ ಫೋಟೋ ತೋರಿಸಿ. ಮೂರು ಸೆಕೆಂಡು. ಮಕ್ಕಳು ಸ್ಲೇಟಿನ ಮೇಲಿನ ಅರ್ಧದಲ್ಲಿ ಬರೆಯಲಿ. ಇಪ್ಪತ್ತು, ನೂರು, ಇನ್ನೂರು ಎಲ್ಲ ಬರುತ್ತವೆ. ಏನೂ ಹೇಳಬೇಡಿ, ಮುಖದಲ್ಲೂ ತೋರಿಸಬೇಡಿ. ಅವರು ಬರೆದದ್ದರಲ್ಲಿ ಐದಾರನ್ನು ಬೋರ್ಡಿನ ಎಡಬದಿಯಲ್ಲಿ ನೀಲಿ ಬಣ್ಣದಲ್ಲಿ ಬರೆಯಿರಿ.

ಈಗ ಅದೇ ಫೋಟೋವನ್ನು ತೆರೆದಿಡಿ. ಒಂದು ಮಗುವನ್ನು ಕರೆದು ಹತ್ತು ಕಾಳು ಎಣಿಸಿ ಅವುಗಳ ಸುತ್ತ ಗೆರೆ ಎಳೆಯಲು ಹೇಳಿ. ಹತ್ತೇ ಹತ್ತು. ನಂತರ ಎಲ್ಲರಿಗೂ ಕೇಳಿ: ‘ಇಂಥ ಸುತ್ತು ತಟ್ಟೆಯಲ್ಲಿ ಇನ್ನೆಷ್ಟು ಹಾಕಬಹುದು?’

ಇಲ್ಲಿ ಕೋಣೆಯ ಸದ್ದೇ ಬದಲಾಗುತ್ತದೆ. ಕೂಗಾಟ ನಿಲ್ಲುತ್ತದೆ, ಬೆರಳುಗಳು ಗಾಳಿಯಲ್ಲಿ ಸುತ್ತು ಹಾಕಲು ಶುರು ಮಾಡುತ್ತವೆ. ‘ಇನ್ನು ಮೂರು ಮಿಸ್’, ‘ಅಲ್ಲ, ನಾಲ್ಕು’. ಇನ್ನೂರು ಬರೆದ ಮಗು ತನ್ನ ಸ್ಲೇಟನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡುತ್ತದೆ. ಈಗ ಎರಡನೇ ಅಂದಾಜನ್ನು ಸ್ಲೇಟಿನ ಕೆಳಗಿನ ಅರ್ಧದಲ್ಲಿ ಬರೆಯಲಿ. ಇದನ್ನು ಬೋರ್ಡಿನಲ್ಲಿ ಹಸಿರು ಬಣ್ಣದಲ್ಲಿ ಬರೆಯಿರಿ. ನೀಲಿ ಸಾಲು ಎಲ್ಲೆಲ್ಲೋ ಚೆದುರಿದ್ದರೆ, ಹಸಿರು ಸಾಲು ನಲವತ್ತರ ಆಸುಪಾಸಿಗೆ ಬಂದು ನಿಂತಿರುತ್ತದೆ. ಮಕ್ಕಳಿಗೆ ತೋರಿಸಬೇಕಾದ್ದು ಈ ವ್ಯತ್ಯಾಸವನ್ನು.

ಕೊನೆಗೆ ಹತ್ತು, ಇಪ್ಪತ್ತು, ಮೂವತ್ತರ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತ ಜೊತೆಗೆ ಎಣಿಸಿ. ‘ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ನಲವತ್ತೊಂದು, ನಲವತ್ತೆರಡು, ನಲವತ್ಮೂರು.’ ಹತ್ತತ್ತರ ಎಣಿಕೆಯೂ ಆಯಿತು, ಸ್ಥಾನಬೆಲೆಗೂ ಬುನಾದಿ ಬಿತ್ತು.

ಒಂದು ಎಚ್ಚರ. ಸರಿ ಉತ್ತರ ಗೊತ್ತಾದ ಕೂಡಲೇ ಕೆಲವು ಮಕ್ಕಳು ಮೆಲ್ಲಗೆ ಮೊದಲಿನದನ್ನು ಒರೆಸಿ 43 ಅಂತ ಬರೆದುಬಿಡುತ್ತಾರೆ. ಇದು ಕಳ್ಳತನವಲ್ಲ. ಸ್ಲೇಟಿನ ಮೇಲೆ ತಪ್ಪು ಇರಬಾರದು ಅಂತ ನಾವೇ ಕಲಿಸಿದ್ದೇವಲ್ಲ! ಗದರಬೇಡಿ. ‘ಈ ಆಟದಲ್ಲಿ ಒರೆಸುವ ಹಾಗಿಲ್ಲ, ಮೇಲಿನದೂ ಬೇಕು, ಕೆಳಗಿನದೂ ಬೇಕು’ ಅಂತ ನಿಯಮ ಮಾಡಿ. ಎರಡೂ ಇದ್ದರೆ ಮಾತ್ರ ಅಂಕ.

ಇದೇ ಆಟದಲ್ಲಿ ಆಮೇಲೆ ಮಕ್ಕಳನ್ನು ಮೋಸಗೊಳಿಸುವ ಚಿತ್ರಗಳನ್ನು ತನ್ನಿ. ಒಂದು ಕಡೆ ಎಂಟು ತೆಂಗಿನಕಾಯಿ, ಇನ್ನೊಂದು ಕಡೆ ಇಪ್ಪತ್ತು ನಿಂಬೆಹಣ್ಣು. ಯಾವುದು ಜಾಸ್ತಿ? ಪುಟ್ಟ ಮಕ್ಕಳು ತೆಂಗಿನಕಾಯಿ ಕಡೆ ವಾಲುವುದು ಜಾಸ್ತಿ, ಯಾಕೆಂದರೆ ಅದು ಹೆಚ್ಚು ಜಾಗ ಹಿಡಿದಿದೆ. ಹಾಗೆಯೇ ಹನ್ನೆರಡು ಗುಂಡಿಗಳನ್ನು ಒತ್ತಾಗಿಟ್ಟು, ಅವೇ ಹನ್ನೆರಡನ್ನು ಬೋರ್ಡಿನ ಮೇಲೆ ದೂರ ದೂರ ಎಳೆಯಿರಿ. ‘ಈಗ ಜಾಸ್ತಿ ಆಯ್ತಾ?’ ಅಂತ ಕೇಳಿ. ಆಯ್ತು ಅನ್ನುವವರು ಇದ್ದೇ ಇರುತ್ತಾರೆ. ಅವರ ಕೈಯಲ್ಲೇ ಮತ್ತೆ ಒತ್ತಾಗಿ ಎಳೆಸಿ.

ಮೂರನೇ ಆಟ: ಮಂಡ್ಯ ಬಸ್ಸು

ಬೋರ್ಡಿನ ಕೆಳಭಾಗದಲ್ಲಿ ಒಂದು ಉದ್ದ ಗೆರೆ. ಎಡತುದಿಯಲ್ಲಿ 0, ಬಲತುದಿಯಲ್ಲಿ 100. ಮಧ್ಯೆ ಏನೂ ಇಲ್ಲ. ಒಂದು ಬಸ್ಸಿನ ಚಿತ್ರವನ್ನು ಎಳೆದು ‘30ರ ಹತ್ತಿರ ನಿಲ್ಲಿಸು’ ಅನ್ನಬೇಕು. ಅಷ್ಟೇ ಆಟ.

ಗೆರೆ ಸುಮ್ನೆ ಗೆರೆಯಾಗಿದ್ದರೆ ಮಕ್ಕಳಿಗೆ ಬೇಸರ. ಬೆಂಗಳೂರಿನಿಂದ ಮಂಡ್ಯಕ್ಕೆ ಹೆಚ್ಚು ಕಡಿಮೆ 100 ಕಿಲೋಮೀಟರ್. ದಾರಿಯಲ್ಲಿ ರಾಮನಗರ ಸುಮಾರು 50ಕ್ಕೆ, ಚನ್ನಪಟ್ಟಣ 60ಕ್ಕೆ, ಮದ್ದೂರು 80ರ ಆಸುಪಾಸಿಗೆ ಸಿಗುತ್ತವೆ. ನಮಗಾಗಿಯೇ ಮಾಡಿಟ್ಟ ಸಂಖ್ಯಾರೇಖೆ ಇದು! ಎಡಕ್ಕೆ ಬೆಂಗಳೂರು, ಬಲಕ್ಕೆ ಮಂಡ್ಯ ಅಂತ ಬರೆದು, ‘60ಕ್ಕೆ ಚನ್ನಪಟ್ಟಣ, ಗೊಂಬೆ ತಗೋಬೇಕು, ಬಸ್ಸು ನಿಲ್ಲಿಸು’, ‘80ಕ್ಕೆ ಮದ್ದೂರು, ವಡೆ ತಿನ್ನೋಣ’ ಅಂದರೆ ಮಕ್ಕಳು ಓಡಿ ಬರುತ್ತಾರೆ. ನಿಮ್ಮ ಊರು ಬೇರೆ ಕಡೆ ಇದ್ದರೆ ನಿಮ್ಮ ಬಸ್ಸಿನ ದಾರಿಯನ್ನೇ ಹಾಕಿಕೊಳ್ಳಿ.

ಒಂದನೇ ತರಗತಿಯವರು 10ನ್ನು ಎಲ್ಲಿ ಇಡುತ್ತಾರೆ ಗಮನಿಸಿ. ಅನೇಕರು ಗೆರೆಯ ಮೂರನೇ ಒಂದು ಭಾಗದಷ್ಟು ಮುಂದಕ್ಕೆ ತಂದುಬಿಡುತ್ತಾರೆ. 60, 70, 80, 90 ಎಲ್ಲ ಬಲತುದಿಯಲ್ಲಿ ಒಂದರ ಮೇಲೊಂದು ಬೀಳುತ್ತವೆ. ಇದು ನಿಮ್ಮ ಶಾಲೆಯ ಮಕ್ಕಳ ದಡ್ಡತನವಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಸೀಗ್ಲರ್ ಮತ್ತು ಜೂಲಿ ಬೂತ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಚಿಕ್ಕ ಮಕ್ಕಳೂ 0ಯಿಂದ 100ರ ಗೆರೆಯ ಮೇಲೆ ಹೀಗೆಯೇ ಮಾಡಿದ್ದರು. ಚಿಕ್ಕ ಸಂಖ್ಯೆಗಳ ನಡುವೆ ದೊಡ್ಡ ಅಂತರ, ದೊಡ್ಡ ಸಂಖ್ಯೆಗಳ ನಡುವೆ ಇಕ್ಕಟ್ಟು. ಎರಡನೇ ತರಗತಿಯ ಹೊತ್ತಿಗೆ ಅಂತರಗಳು ಹೆಚ್ಚು ಸಮವಾಗುತ್ತ ಬಂದಿದ್ದವು.

ಅದನ್ನು ಸಮ ಮಾಡಲು ಒಂದು ಊರುಗೋಲು ಸಾಕು: ನಡುವಿನ ಗುರುತು. ಮಗು ಬಸ್ಸು ನಿಲ್ಲಿಸಿದ ಮೇಲೆ 50ರ ಗುರುತನ್ನು, ಅಂದರೆ ರಾಮನಗರವನ್ನು, ತೋರಿಸಿ. ‘ಈಗ ನಿನ್ನ ಬಸ್ಸನ್ನು ಸರಿಸಬೇಕಾ, ಇರಲಾ?’ ಅಂತ ಕೇಳಿ. ಸರಿಸುವ ಹಕ್ಕು ಮಗುವಿನದು. ಮೊದಲು ನಿಲ್ಲಿಸಿದ ಜಾಗದಲ್ಲಿ ಒಂದು ಚುಕ್ಕಿ ಇಟ್ಟಿರಿ. ಒಂದನೇ ತರಗತಿಯವರಿಗೆ 0ಯಿಂದ 10, ಆಮೇಲೆ 20ರ ಗೆರೆ ಸಾಕು, ನೂರಕ್ಕೆ ಅವಸರ ಬೇಡ.

ನಾಲ್ಕನೆಯದು: ಉದ್ದ

ಇದನ್ನು ಬೋರ್ಡಿನ ಮೇಲೆ ಜಾಸ್ತಿ ಹೊತ್ತು ಮಾಡಬೇಡಿ. ಒಂದು ಹಾವಿನ ಚಿತ್ರ, ಪಕ್ಕದಲ್ಲಿ ಒಂದು ಬಳಪದ ಚಿತ್ರ. ಹಾವು ಎಷ್ಟು ಬಳಪ ಉದ್ದ? ಮಕ್ಕಳು ಅಂದಾಜು ಬರೆದ ಮೇಲೆ ಬಳಪದ ಚಿತ್ರವನ್ನು ಕಾಪಿ ಮಾಡುತ್ತ ಹಾವಿನುದ್ದಕ್ಕೂ ಜೋಡಿಸಿ. ಎರಡು ಜೋಡಿಸಿದ ಮೇಲೆ ನಿಲ್ಲಿಸಿ, ಎರಡನೇ ಅಂದಾಜು ಕೇಳಿ. ಬೋರ್ಡಿನಲ್ಲಿ ಎಲ್ಲವನ್ನೂ ಹಿಗ್ಗಿಸಬಹುದು, ಕುಗ್ಗಿಸಬಹುದು. ಅಲ್ಲಿನ ಬಳಪ ನಿಜವಾದ ಬಳಪದಷ್ಟಿರುವುದಿಲ್ಲ. ಆದ್ದರಿಂದ ಎರಡು ಸುತ್ತಾದ ಮೇಲೆ ಬೋರ್ಡು ಬಂದ್ ಮಾಡಿ, ಮೇಜು ಎಷ್ಟು ಗೇಣು, ಬಾಗಿಲು ಎಷ್ಟು ಮೊಳ ಅಂತ ಕೋಣೆಯಲ್ಲೇ ಅಳೆಸಿ. ಒಬ್ಬೊಬ್ಬರ ಗೇಣು ಒಂದೊಂದು ಥರ ಅನ್ನುವ ಜಗಳವೂ ಆಗುತ್ತದೆ. ಆಗಲಿ, ಒಳ್ಳೆಯದೇ.

ಐದನೇ ಆಟ: ಡಬ್ಬಿಯ ಗುಟ್ಟು

ಇದು ಎರಡು, ಮೂರನೇ ತರಗತಿಗೆ. ಗಾಜಿನ ಡಬ್ಬಿಯಲ್ಲಿ 36 ಗೋಲಿ ತುಂಬಿ ಫೋಟೋ ತೆಗೆಯಿರಿ. ಬೋರ್ಡಿನಲ್ಲಿ ಒಂದು ಕಡೆ ಫೋಟೋ, ಇನ್ನೊಂದು ಕಡೆ 1ರಿಂದ 50ರ ಚೌಕ. ಮೊದಲು ಬರೀ ನೋಡಿ ಅಂದಾಜು. ಆಮೇಲೆ ಒಂದೊಂದೇ ಸುಳಿವು ತೆರೆಯಿರಿ.

‘20ಕ್ಕಿಂತ ಜಾಸ್ತಿ.’ ಒಂದು ಮಗು ಬಂದು 1ರಿಂದ 20ನ್ನು ಗೀಚಿ ಹಾಕುತ್ತದೆ. ‘ಸಮಸಂಖ್ಯೆ.’ ಬೆಸ ಎಲ್ಲ ಹೋದವು. ‘40ಕ್ಕಿಂತ ಕಡಿಮೆ.’ ಉಳಿದದ್ದು ಒಂಬತ್ತು. ‘ಹತ್ತರ ಸ್ಥಾನದಲ್ಲಿ 3.’ ಈಗ 30, 32, 34, 36, 38 ಮಾತ್ರ. ಇಲ್ಲಿ ನಿಲ್ಲಿಸಿ ಮತ್ತೆ ಡಬ್ಬಿಯನ್ನು ನೋಡಲು ಹೇಳಿ, ಪ್ರತಿಯೊಬ್ಬರೂ ಒಂದನ್ನು ಆರಿಸಲಿ. ಯಾಕೆ ಅದು ಅಂತ ಪಕ್ಕದವರಿಗೆ ಹೇಳಲಿ. ಕೊನೆಯ ಸುಳಿವು: ‘ಐದೈದರ ಗುಂಪು ಮಾಡಿದರೆ ಒಂದು ಉಳಿಯುತ್ತದೆ.’

ಸುಳಿವು ಬಂದ ಹಾಗೆ ಅಂದಾಜು ಬದಲಾಗಬೇಕು. ಮೊದಲು 18 ಅಂದಿದ್ದ ಮಗು ‘20ಕ್ಕಿಂತ ಜಾಸ್ತಿ’ ಅಂದ ಮೇಲೂ 18ಕ್ಕೇ ಅಂಟಿಕೊಂಡಿದ್ದರೆ ಅಲ್ಲಿ ನಿಮಗೆ ಕೆಲಸ ಇದೆ ಅಂತ ಅರ್ಥ.

ಅಂಕ ಹೇಗೆ ಕೊಡುವುದು

ಸರಿಯಾದ ಸಂಖ್ಯೆ ಹೇಳಿದವರಿಗೆ ಮಾತ್ರ ನಕ್ಷತ್ರ ಕೊಟ್ಟರೆ ಮಕ್ಕಳು ಮತ್ತೆ ಕದ್ದು ಎಣಿಸಲು ಶುರು ಮಾಡುತ್ತಾರೆ. ನಾನು ಹೇಳುವ ಪದ್ಧತಿ ಇದು: ಎರಡನೇ ಅಂದಾಜು ಮೊದಲನೆಯದಕ್ಕಿಂತ ಹತ್ತಿರ ಬಂದಿದ್ದರೆ ಒಂದು ನಕ್ಷತ್ರ. ಮೊದಲನೆಯದೇ ಹತ್ತಿರವಿದ್ದು ಬದಲಿಸದೆ ಉಳಿಸಿಕೊಂಡು ಕಾರಣ ಹೇಳಿದರೂ ಒಂದು ನಕ್ಷತ್ರ. ಹೀಗಾದರೆ 200 ಬರೆದ ಮಗುವಿಗೂ ಗೆಲ್ಲುವ ದಾರಿ ಇರುತ್ತದೆ.

ಒಂದೇ ಸಂಖ್ಯೆ ಬೇಕು ಅಂತ ಹಠ ಮಾಡುವುದೂ ಬೇಡ. ಮಕ್ಕಳು ಮನೆಯಲ್ಲಿ ಕೇಳುವ ಮಾತೇ ‘ಏಳೆಂಟು ಜನ’, ‘ಹತ್ತು ಹದಿನೈದು ರೂಪಾಯಿ’. ‘ಮೂವತ್ತು ಮೂವತ್ತೈದು ಇರಬಹುದು’ ಅನ್ನುವುದು ಒಳ್ಳೆಯ ಉತ್ತರ. ಸ್ವಲ್ಪ ಪಳಗಿದ ಮೇಲೆ ಬೋರ್ಡಿನಲ್ಲಿ ಮೂರು ಪೆಟ್ಟಿಗೆ ಬರೆಯಿರಿ: ‘ಇಷ್ಟು ಕಡಿಮೆ ಇರಲ್ಲ’, ‘ಇಷ್ಟಿರಬಹುದು’, ‘ಇಷ್ಟು ಜಾಸ್ತಿ ಇರಲ್ಲ’. ಮೂರನ್ನೂ ತುಂಬಿಸಿದ ಮೇಲೆ ಕೋಟಿ ಅನ್ನುವ ಹುಡುಗನೂ ದಾರಿಗೆ ಬರುತ್ತಾನೆ.

ಎಷ್ಟು ಹೊತ್ತು, ಯಾವಾಗ ಮುಂದಕ್ಕೆ

ದಿನಕ್ಕೆ ಹತ್ತು ನಿಮಿಷ, ಒಂದೇ ಆಟ. ಗಣಿತದ ಅವಧಿಯ ಮೊದಲಲ್ಲಿ ಮಾಡಿದರೆ ಒಳ್ಳೆಯದು. ವಾರಕ್ಕೊಮ್ಮೆ ನಲವತ್ತು ನಿಮಿಷ ಎಳೆದರೆ ಮಕ್ಕಳಿಗೆ ಅದು ಸಿನಿಮಾ ಆಗುತ್ತದೆ. ಬೋರ್ಡಿನ ಪುಟಗಳನ್ನು ಸೇವ್ ಮಾಡಿಡಿ. ತಿಂಗಳ ಹಿಂದಿನ ನೀಲಿ ಸಾಲನ್ನೂ ಇವತ್ತಿನ ನೀಲಿ ಸಾಲನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಪರೀಕ್ಷೆ ಬೇಕಿಲ್ಲ. ಸುತ್ತು ಹಾಕುವ ಮುಂಚೆಯೇ ಮೊದಲ ಉತ್ತರಗಳು ಹತ್ತಿರ ಹತ್ತಿರ ಬರುತ್ತಿದ್ದರೆ ಸಂಖ್ಯೆ ದೊಡ್ಡದು ಮಾಡಿ. ಇನ್ನೂ ನೂರು, ಸಾವಿರ ಬರುತ್ತಿದ್ದರೆ ಇಪ್ಪತ್ತರೊಳಗೇ ಇನ್ನಷ್ಟು ದಿನ ಇರಿ.

ಇನ್ನು ಕರೆಂಟ್ ಹೋದರೆ? ಮೇಜಿನ ಮೇಲೆ ತಟ್ಟೆ, ಅದರಲ್ಲಿ ಹುಣಸೆ ಬೀಜ, ಮೇಲೊಂದು ಟವೆಲ್. ಟವೆಲ್ ಎತ್ತಿ, ಮೂರು ಎಣಿಸಿ, ಮುಚ್ಚಿ. ಹತ್ತರ ಸುತ್ತಿಗೆ ಒಂದು ದಾರ ಸಾಕು. ಬಸ್ಸಿನ ಗೆರೆಯನ್ನು ಜಗಲಿಯಲ್ಲಿ ಸೀಮೆಸುಣ್ಣದಿಂದ ಎಳೆಯಿರಿ, ಮಕ್ಕಳೇ ಬಸ್ಸಾಗಿ ಹೋಗಿ ನಿಲ್ಲಲಿ. ರಾಮನಗರಕ್ಕೆ ಒಂದು ಚಪ್ಪಲಿ ಇಟ್ಟರಾಯಿತು.